ಅಜ್ಜನ ಎಡಗಿವಿಗೆ ಹೇಳಿದ ಹಾಕಿ

ಹಾಕಿ ನಮ್ಮ ಮನೆಗೆ ಕಿವಿಯ ಮೂಲಕವೇ ಬರುತ್ತಿದ್ದ ಕಾಲ ಅದು. ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ನಾಗಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಅಪ್ಪನ ರೇಡಿಯೋ ಬಿಸಿಯಾಗುತ್ತಿದ್ದಂತೆ ಸುಟ್ಟ ಧೂಳಿನ ವಾಸನೆ ಏಳುತ್ತಿತ್ತು, ಜೊತೆಗೆ ಅಜ್ಜ ಸುಲಿಯುತ್ತಿದ್ದ ಸಂತ್ರದ ಸಿಪ್ಪೆಯದು. ಅಜ್ಜ ಹತ್ತಿರದ ಕಾಮ್ಠಿ ದಂಡಿನಲ್ಲಿ ಪಲ್ಟನ್ ಟೀಮಿನ ರೈಟ್ ಹಾಫ್ ಆಗಿದ್ದವರು, ಎದುರಿನ ಲೆಫ್ಟ್ ವಿಂಗಿನವನನ್ನು ತಡೆಯುವ ಜಾಗ ಅದು. ತೋಪಿನ ಸದ್ದಿಗೆ ಕಿವಿ ಹೋಗಿದ್ದವು. ಎಡಗಿವಿಯಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಇಂಗ್ಲಿಷ್ ಕಾಮೆಂಟ್ರಿ ಕೇಳಿ ಆ ಕಿವಿಗೆ ಕನ್ನಡದಲ್ಲಿ ಕೂಗುವ ಕೆಲಸ ಹನ್ನೊಂದು ವರ್ಷದ ನನ್ನದು. ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಪ್ರೈಝ್ ಗೆದ್ದವಳು, ವೆರಿ ಪ್ರೌಡ್.

ಆ ಚಳಿಗಾಲ ಹೊರದೇಶದ ಟೀಮೊಂದು ಬಂದಿತ್ತು. ನಮ್ಮವರು ಮುಂದೆ ನುಗ್ಗಿದರೆ ಅಜ್ಜ ತೊಡೆ ತಟ್ಟುತ್ತಿದ್ದರು. ಅದನ್ನು ನೋಡುವ ಆಸೆಗೆ ನಾನು ಎದುರಿನವರ ಪಾಸು, ಡ್ರಿಬಲ್ ಎಲ್ಲ ನುಂಗತೊಡಗಿದೆ. ಗೋಲು ಮಾತ್ರ ನುಂಗುವಂತಿರಲಿಲ್ಲ, ಸ್ಕೋರು ಮರುದಿನ ಪೇಪರಿನಲ್ಲಿ ಬರುತ್ತಿತ್ತಲ್ಲ.

ಮೂರನೆಯ ಮ್ಯಾಚು ನಾವು ಒಂದು-ಮೂರರಿಂದ ಸೋತೆವು. ಅಜ್ಜ ಎದ್ದು ಕೂತರು.

"ಬೇಬಿ, ಕಾಗದ ತಗೊಂಬಾ. ರೇಡಿಯೋದವರಿಗೆ ಬರಿ. ನಿಮ್ಮ ಕಾಮೆಂಟೇಟರ್ ಭಾಳ ಪಕ್ಷಪಾತಿ ಅದಾನ, ಎದುರಿನವರ ಹೆಸರೇ ಎತ್ತಂಗಿಲ್ಲ. ಮೂರು ಗೋಲ್ ಏನು ಗಾಳಿಗೆ ಆದುವೇನು?"

ಅವ್ವ ಅಡಿಗೆಮನೆಯಿಂದ ನಕ್ಕಳು. "ನಮ್ಮ ಪರ ಮಾತಾಡಿದ್ರ ಇವರಿಗೇನ ತ್ರಾಸು? ಕೇಳು."

ಕೂಗಿ ಕೇಳಿದೆ.

"ತ್ರಾಸು ಐತಿ. ಎದುರಿನಂವ ಯಾವ ಕಡಿಂದ ಬರಾಕತ್ತಾನ ಅಂತ ಗೊತ್ತಾಗಲಿಲ್ಲಂದ್ರ, ನಾ ಎಲ್ಲಿ ನಿಂದರಲಿ?"

ಅಷ್ಟು ದಿನ ಅವರು ಕೇಳುತ್ತಿದ್ದಾರೆಂದುಕೊಂಡಿದ್ದೆ. ಅವರು ಆಡುತ್ತಿದ್ದರು.

'ರೆಸ್ಪೆಕ್ಟೆಡ್ ಸರ್' ಎಂದು ಚೆಂದದ ಕರ್ಸಿವ್‌ನಲ್ಲಿ ಬರೆದೆ. ಅಜ್ಜ ಸಹಿ ಹಾಕಿ, "ಜಲ್ದಿ ಡಬ್ಬಿಗೆ ಹಾಕು" ಎಂದರು. ಹಾಕಲಿಲ್ಲ. ನಾಲ್ಕು ದಿನ ಅದು ಜಿಯೋಗ್ರಫಿ ಪುಸ್ತಕದೊಳಗಿತ್ತು. ನಿಜ ಹೇಳಿದರೆ ಅಜ್ಜ ಇನ್ನು ನನ್ನನ್ನು ಪಕ್ಕಕ್ಕೆ ಕೂರಿಸುವುದಿಲ್ಲ. ಹೇಳದಿದ್ದರೆ ಯಾರೋ ಪಾಪದವನ ಮೇಲೆ ಕಂಪ್ಲೇಂಟು.

ನಾಲ್ಕನೆಯ ಮ್ಯಾಚಿನ ಬೆಳಿಗ್ಗೆ ಹೇಳಿಯೇಬಿಟ್ಟೆ. ಕನ್ಫೆಶನ್ ಎಂದರೆ ಪಿಸುಮಾತು ಎಂದು ಸಿಸ್ಟರ್ ಕಲಿಸಿದ್ದರು. ಅಜ್ಜನ ಮುಂದೆ ಆ ಸೌಕರ್ಯ ಇರಲಿಲ್ಲ.

"ಅಜ್ಜಾ, ಕಾಮೆಂಟೇಟರ್ ಬರೋಬರ್ ಹೇಳ್ತಿದ್ದ. ನಾನೇ ನುಂಗಿದೆ."

"ಆಂ?"

ಮತ್ತೆ ಕೂಗಿದೆ. ಪಕ್ಕದ ಮನೆಯ ಕಾಕೂ ಬಾಗಿಲಿಗೆ ಬಂದು ನಿಂತರು.

ಮಧ್ಯಾಹ್ನ ಅಜ್ಜ ತಾವೇ ರೇಡಿಯೋ ಹಚ್ಚಿ, ಪೆಟ್ಟಿಗೆಯ ಮೇಲೆ ಅಂಗೈ ಊರಿ ಒಬ್ಬರೇ ಕೂತರು. ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ. ಹಾಫ್ ಟೈಮ್ ಕಳೆದ ಮೇಲೆ, ತಿರುಗದೆಯೇ ಕೇಳಿದರು:

"ಅವರ ಲೆಫ್ಟ್ ವಿಂಗಿನಂವ ಏನ್ ಮಾಡಾಕತ್ತಾನ?"

ಓಡಿದೆ. ಅವನ ಪ್ರತಿಯೊಂದು ಓಟವನ್ನೂ ಹೇಳಿದೆ. ಕಾಲಿಗೆ ಹೊದ್ದ ಚಾದರದ ಕೆಳಗೆ ಅಜ್ಜನ ಪಾದಗಳು ಎಡಕ್ಕೆ, ಬಲಕ್ಕೆ ಸರಿಯುತ್ತಿದ್ದವು. ಆ ಮ್ಯಾಚೂ ಸೋತೆವು. "ಚಲೋ ಆಡಿದ ಮಗ" ಎಂದು ಎದುರಿನವನನ್ನು ಹೊಗಳಿ, ನನ್ನ ಕೈಗೆ ಸಂತ್ರದ ತೊಳೆ ಇಟ್ಟರು.

ಈಗ ಮಗಳ ಮನೆಯಲ್ಲಿ ಗೋಡೆಯಗಲದ ಟಿವಿ. ಮ್ಯಾಚಿದ್ದ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಗಲಾಟೆ: ಕಾಮೆಂಟೇಟರ್ ಬಯಾಸ್ಡ್, ಎದುರಿನವರನ್ನೇ ಹೊಗಳುತ್ತಾನೆ, ಮ್ಯೂಟ್ ಮಾಡಿ. ಕೆಲವೊಮ್ಮೆ ಅದು ನಿಜವೂ ಇರುತ್ತದೆ, ನಾನು ಆರ್ಗ್ಯೂ ಮಾಡುವುದಿಲ್ಲ. ಆದರೆ ಕಾಮೆಂಟೇಟರ್ ನಮ್ಮ ಕಡೆಗೇ ವಾಲಿದನೆಂದು ಸಿಟ್ಟಾದ ಇನ್ನೊಬ್ಬ ಮನುಷ್ಯನನ್ನು ಇಷ್ಟು ವರ್ಷಗಳಲ್ಲಿ ನಾನು ನೋಡಿಲ್ಲ.