ಟೆಕ್ಸಸ್ ನಕ್ಷೆಯ ನೀಲಿ ಚುಕ್ಕೆ

ಅಂಕಲ್ ಅವರ ಬಲಗೈ ನಡುಬೆರಳಿನಲ್ಲಿ ಹುಣಸೆಬೀಜದಷ್ಟು ದಪ್ಪದ ಜಡ್ಡು ಇತ್ತು. ವಾಷಿಂಗ್ಟನ್ ಹತ್ತಿರದ ನಕ್ಷೆ ಕಚೇರಿಯೊಂದರಲ್ಲಿ ಗುಡ್ಡ, ಹಳ್ಳಗಳ ಗೆರೆಗಳನ್ನು ಸೂಜಿಮೊನೆಯಿಂದ ಕೊರೆದೂ ಕೊರೆದೂ ಬಂದದ್ದು. ಮೈಸೂರಿನಲ್ಲಿ ಭೂವಿಜ್ಞಾನ ಓದಿ ಬಂದವರು, ನಿವೃತ್ತರಾದ ಮೇಲೆ ಫೋರ್ಟ್ ಮಿಲ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಗಳ ಜೊತೆ ಇದ್ದರು.

ಅವರ ಒಂದು ಅಭ್ಯಾಸ ನನಗೆ ಉರಿ ಹತ್ತಿಸುತ್ತಿತ್ತು. ನಾನು ಕೊಟ್ಟ ನೀರನ್ನು ಮೂಸಿಯೇ ಕುಡಿಯುತ್ತಿದ್ದರು. "ನಮ್ಮನೆ ಫಿಲ್ಟರ್ ಮೇಲೆ ಅಷ್ಟೊಂದು ಡೌಟಾ ಅಂಕಲ್?" ಎಂದರೆ, "ನಿನ್ನ ಬಿರಿಯಾನಿ ಮೇಲೂ ಡೌಟೇ, ಆದ್ರೂ ತಿಂತೀನಲ್ಲ" ಎಂದು ನಗುತ್ತಿದ್ದರು.

ಕೋವಿಡ್ ಇಳಿದ ಮೇಲೆ ಒಂದು ಮಧ್ಯಾಹ್ನ, ಹಳೆಯ ನಕ್ಷೆಗಳು ಆನ್‌ಲೈನ್‌ನಲ್ಲಿವೆ ಎಂದು ತೋರಿಸಿ ಖುಷಿಪಡಿಸಲು ಲ್ಯಾಪ್‌ಟಾಪ್ ಒಯ್ದೆ. ಅವರೇ ಮಾಡಿದ ಪಶ್ಚಿಮ ಟೆಕ್ಸಸ್‌ನ ಹಾಳೆ ತೆರೆದೆ. ಮಳೆ ಕಾಣದ ಸೀಮೆ, ದನ ಮೇಯಿಸುವ ಬಯಲು, ನಡುನಡುವೆ ತೈಲಬಾವಿಗಳು. ಒಂದು ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ.

"ಇದು ನೀರಲ್ಲ ಕಣಮ್ಮ."

ವಿಮಾನದಿಂದ ತೆಗೆದ ಫೋಟೋದಲ್ಲಿ ಅದು ದನಗಳು ನೀರು ಕುಡಿಯುವ ಕಟ್ಟೆಯಂತೆ ದುಂಡಗೆ ಕಂಡಿತ್ತಂತೆ. ಅಂಕಲ್ ಹೋಗಿ ನೋಡದೆ ನೀರಿನ ಗುರುತಾದ ನೀಲಿ ಹಾಕಿಬಿಟ್ಟಿದ್ದರು. ನಿಜಕ್ಕೂ ಅದು ತೈಲಬಾವಿಯ ಕೊಳಕು ಸುರಿಯುವ ಹೊಂಡ. ಆ ಕಡೆಗೆ ಹೊಸಬನಾದ ಒಬ್ಬ ದನಗಾರ ನಕ್ಷೆ ನಂಬಿ, ಬಿರುಬೇಸಿಗೆಯಲ್ಲಿ ತನ್ನ ದನಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿದ್ದ. ಆಮೇಲೆ ಅಂಕಲ್ ಅಲ್ಲಿಗೆ ಹೋದಾಗ ಹೊಂಡದ ಸುತ್ತ ಸತ್ತು ಊದಿಕೊಂಡ ದನಗಳು.

"ಬಗ್ಗಿ ಮೂಸಿದೆ. ಗ್ಯಾಸ್ ಸ್ಟೇಷನ್ ಥರ ಪೆಟ್ರೋಲ್ ವಾಸನೆ."

ಇಷ್ಟು ವರ್ಷ ನಾನು ತಮಾಷೆ ಮಾಡಿದ್ದು ಇದನ್ನೇ.

"ನೆಕ್ಸ್ಟ್ ಪ್ರಿಂಟಿಂಗ್‌ನಲ್ಲಿ ಕರೆಕ್ಟ್ ಮಾಡ್ತೀವಿ ಅಂತ ಆಫೀಸಿನವ್ರು ಅಂದಿದ್ರು. ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ. ನೀನು ನೋಡು."

ಮುಂದಿನ ಆವೃತ್ತಿ ತೆರೆದೆ. ಹೊಸ ರಸ್ತೆಗಳು ಬಂದಿದ್ದವು. ನೀಲಿ ಹಾಗೇ ಇತ್ತು.

ಅಂಕಲ್ ಅಲ್ಲೇ ಕೂತು ನನ್ನ ಕೈಯಲ್ಲಿ ತಮ್ಮ ಹಳೆಯ ಕಚೇರಿಗೆ ಫೋನ್ ಮಾಡಿಸಿದರು. ಹಳೆಯ ನಕ್ಷೆಗಳನ್ನು ಅಚ್ಚಾದ ಹಾಗೆಯೇ ಕಾಪಾಡುತ್ತೇವೆ, ತಿದ್ದುವುದಿಲ್ಲ ಎಂದು ಅಲ್ಲಿಯವರು ವಿನಯದಿಂದಲೇ ಹೇಳಿದರು. "ಅಂದ್ರೆ ನಾನು ಹೋದ್ಮೇಲೂ ಇದು ಇರುತ್ತೆ" ಎಂದ ಅಂಕಲ್ ಅವತ್ತು ಚಹಾ ಮುಟ್ಟಲಿಲ್ಲ.

ಹೋದ ವರ್ಷ, ಅವರ ಕೊನೆಯ ಬೆಳಿಗ್ಗೆ, ನಾನೂ ಮಂಚದ ಪಕ್ಕದಲ್ಲಿದ್ದೆ. ಕಣ್ಣು ಮುಚ್ಚಿತ್ತು, ಮಾತು ನಿಂತಿತ್ತು. ಮಗಳು ಹಜ್‌ನಿಂದ ತಂದಿಟ್ಟಿದ್ದ ಪವಿತ್ರ ಝಮ್‌ಝಮ್ ನೀರನ್ನು ಚಮಚದಲ್ಲಿ ತುಟಿಗೆ ಹಿಡಿದರು. ಅಂಕಲ್ ತುಟಿ ಬಿಗಿಹಿಡಿದು ಮೂಸಿದರು. ನಾನು ಬೆಚ್ಚಿಬಿದ್ದೆ. ಮಗಳು ಗಾಬರಿಯಿಂದ ನನ್ನ ಮುಖ ನೋಡಿದರು.

ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ: "ಇದು ನೀರೇ ಅಂಕಲ್. ನಾನು ನೋಡಿದೀನಿ."

ಆಗ ಬಾಯಿ ತೆರೆದರು.