ಕಾಗೆ ಮುಟ್ಟಬೇಕಾದ ಮೀನು

ಜಪಾನಿನ ಬೆತ್ಸುಕಾಯಿಯಲ್ಲಿ ಮನುಷ್ಯರಿಗಿಂತ ಹಸುಗಳು ಹೆಚ್ಚು. ಆ ಊರಿನ ಅರ್ಧ ಜನಕ್ಕೆ ನನ್ನ ಭಾವನ ಹೆಸರು ಇನ್ನೂ ನಾಲಿಗೆಗೆ ಹತ್ತಿಲ್ಲ. ಅಲ್ಲಿನ ಕಾಗೆಗಳಿಗೆ ಮಾತ್ರ ಅವರ ಪರಿಚಯ ಚೆನ್ನಾಗಿದೆ. ಅವರ ಬಿಳಿ ಪುಟ್ಟ ಟ್ರಕ್ಕು ತಿರುವಿನಲ್ಲಿ ಕಂಡರೆ ಸಾಕು, ಕೊಟ್ಟಿಗೆಯ ಮೇಲಿದ್ದವು, ಬೇಲಿಗೂಟದ ಮೇಲಿದ್ದವು, ಎಲ್ಲವೂ ಬೈದುಕೊಂಡು ಒಟ್ಟಿಗೆ ಎದ್ದು ಹಾರುತ್ತವೆ. ಯೋಕೋಹಾಮಾ ಬಳಿಯ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ಇಂಥ ಮರ್ಯಾದೆ ಸಿಕ್ಕಿರಲಿಲ್ಲ ಎಂದು ಭಾವ ಹೇಳಿಕೊಳ್ಳುತ್ತಾರೆ.

ಭಾವ ಎಂದರೆ ನನ್ನ ಅಕ್ಕ ಕೋಕಿಲಾಳ ಗಂಡ, ಚಂದ್ರಮೋಹನ್. ನಾನು ನಂದನ್, ಯೋಕೋಹಾಮಾದಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬೆನ್ನುನೋವು ಸಂಪಾದಿಸಿರುವವನು. ನಿವೃತ್ತಿಯಾದ ಮೇಲೆ ಭಾವ ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿಸುತ್ತಾರೆ, ಬೆಳಿಗ್ಗೆ ವಾಕಿಂಗ್ ಹೋಗಿ ಸ್ನೇಹಿತರ ಜೊತೆ ಸಕ್ಕರೆ ಕಾಯಿಲೆಯ ವಿಚಾರ ಮಾತಾಡುತ್ತಾರೆ ಎಂದು ನಾವೆಲ್ಲ ನಂಬಿದ್ದೆವು. ಅವರು ಸೀದಾ ಉತ್ತರದ ಹೊಕ್ಕೈಡೋ ದ್ವೀಪ ಹತ್ತಿದರು. ಅದರ ಪೂರ್ವದ ತುದಿಯಲ್ಲಿ, ಕಣ್ಣು ಹರಿಸಿದಷ್ಟೂ ಹುಲ್ಲುಗಾವಲಿರುವ ಬೆತ್ಸುಕಾಯಿಯಲ್ಲಿ, ಸುಗಾವಾರಾ-ಸಾನ್ ಎಂಬ ಹೈನುಗಾರ್ತಿ ಕೆಲಸಗಾರರಿಗಾಗಿ ಇಟ್ಟಿದ್ದ ಹಳೆಯ ಮನೆ ಖಾಲಿ ಬಿದ್ದಿತ್ತು. ಅದನ್ನು ಹಿಡಿದರು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ.

"ಮೀನು ಹಿಡೀಬೇಕು ಕಣಯ್ಯ."

ಈ ಹಟದ ಬೇರು ಮಂಡ್ಯದ ಕಡೆಯ ಒಂದು ನಾಲೆಯ ಏರಿಯ ಮೇಲಿದೆ. ಭಾವನ ತಂದೆ ನೀರಗಂಟಿ. ನಾಲೆಯ ತೂಬು ತೆಗೆದು ಮುಚ್ಚಿ ಮಾಡುವ ಕೆಲಸದ ನಡುವೆ ಗಾಳ ಹಾಕಿ ಕೂರುತ್ತಿದ್ದರು. ಅವರ ಗಾಳಕ್ಕೆ ಜಿಲೇಬಿ ಮೀನು ಸಾಲುಗಟ್ಟಿ ಬೀಳುತ್ತಿದ್ದವು. ಪಕ್ಕದಲ್ಲೇ ಕೂತ ಮಗನ ಗಾಳದಲ್ಲಿ ಎರೆಹುಳು ಮಾತ್ರ ಖಾಲಿಯಾಗುತ್ತಿತ್ತು. "ನಿನ್ ಗಾಳ ಕಂಡ್ರೆ ಮೀನ್ಗಳು ಹೆಂಡ್ತಿ ಮಕ್ಳನ್ನೂ ಕರ್ಕ ಬಂದು ಉಂಡ್ಕ ಓಯ್ತವೆ ಕಣ್ಲಾ," ಎಂದು ಅಪ್ಪ ನಗುತ್ತಿದ್ದರಂತೆ. "ನೀನು ಹಿಡ್ದಿದ್ದು ಒಂದೇ ಒಂದು ಮೀನು ನಾನು ತಿನ್ಬೇಕು ಕಣ್ಲಾ ಮೋಹನ, ಆಮೇಲೆ ನಾನು ಹೊಂಟೋದ್ರೂ ಚಿಂತೆಯಿಲ್ಲ." ಓದು, ಪರೀಕ್ಷೆ, ಜಪಾನು ಎನ್ನುವಷ್ಟರಲ್ಲಿ ಅಪ್ಪ ಹೋಗಿಬಿಟ್ಟರು. ಮಗ ಹಿಡಿದ ಮೀನನ್ನು ಅವರು ತಿನ್ನಲೇ ಇಲ್ಲ.

ಯೋಕೋಹಾಮಾದಲ್ಲಿದ್ದಾಗ ಭಾವ ಪ್ರತಿ ಮಹಾಲಯ ಅಮಾವಾಸ್ಯೆಗೆ ಬಾಲ್ಕನಿಯಲ್ಲಿ ಅಪ್ಪನಿಗೆ ಎಡೆ ಇಡುತ್ತಿದ್ದರು. ಅನ್ನ, ವಡೆ, ಕಜ್ಜಾಯ, ಮೀನು ಸಾರು. ಅಲ್ಲಿ ಕಾಗೆಗೇನು ಬರವೇ? ಕಸದ ಚೀಲ ಹರಿಯಲು ಬಂದವು ಎಡೆಯನ್ನೂ ಮುಟ್ಟಿ ಹೋಗುತ್ತಿದ್ದವು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ, ಆಮೇಲೆ ನಾವೂ ಉಣ್ಣಬಹುದು. ಆದರೆ ಭಾವನಿಗೆ ಒಂದು ಕೊರಗು ಉಳಿದೇ ಇರುತ್ತಿತ್ತು. ಆ ಮೀನು ಸೂಪರ್ ಮಾರ್ಕೆಟ್ಟಿನದು.

ಬೆತ್ಸುಕಾಯಿಯ ಮೊದಲ ಚಳಿಗಾಲದಲ್ಲಿ ಭಾವ ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಾರ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು, ಬೆರಳುದ್ದದ ವಾಕಾಸಾಗಿ ಮೀನಿಗೆ ಗಾಳ ಬಿಟ್ಟರು. ನಾನೂ ಹೋಗಿದ್ದೆ. ಮೂಗಿನಲ್ಲಿ ಉಸಿರು ಹೆಪ್ಪುಗಟ್ಟುವಂಥ ಜಾಗಕ್ಕೆ ಸ್ವಂತ ಇಚ್ಛೆಯಿಂದ ಹೋದವನಿಗೆ ಬುದ್ಧಿ ಇದೆಯೆಂದು ನಾನು ವಾದಿಸುವುದಿಲ್ಲ. ಆದರೆ ಮೊದಲ ಮೀನು ಮಿಣುಕುತ್ತ ಮೇಲೆ ಬಂದಾಗ ಅರವತ್ತು ದಾಟಿದ ಆ ಮನುಷ್ಯ ಮಂಜಿನ ಮೇಲೆ ಕುಣಿದದ್ದನ್ನು ನೋಡಿ ನನ್ನ ಚಳಿ ಬಿಟ್ಟುಹೋಯಿತು. ವಸಂತದಲ್ಲಿ ಹೊಳೆಗಿಳಿದು ಮೈಮೇಲೆ ಬಿಳಿ ಚುಕ್ಕೆಗಳಿರುವ ಅಮೆಮಾಸು ಮೀನು ಹಿಡಿದರು. ನಾಲೆಯ ಏರಿಯ ಮೇಲೆ ಸೋತ ಕೈ ಕೊನೆಗೂ ಪಳಗಿತ್ತು.

ಬಂದೂಕು ಬಂದದ್ದು ಆ ಬೇಸಿಗೆಯಲ್ಲಿ. ಹುಲ್ಲುಗಾವಲಿನಲ್ಲಿ ಮಲಗಿದ್ದ ಸುಗಾವಾರಾ-ಸಾನ್‌ರ ಹಸುವೊಂದರ ಹೊಟ್ಟೆಯ ಕೆಳಗಿನ ಹಾಲುನರವನ್ನು ಕಾಗೆಗಳು ಕುಕ್ಕಿ ಕುಕ್ಕಿ ತೂತು ಮಾಡಿದವು. ರಕ್ತ ನಿಲ್ಲಲಿಲ್ಲ. ಹಸು ಸತ್ತಿತು. ಗಂಡ ಸತ್ತಾಗಲೂ ಜನರ ಮುಂದೆ ಅಳದ ಆ ಹೆಂಗಸು ಅದರ ಕೊರಳು ತಬ್ಬಿಕೊಂಡು ಅತ್ತರು. ಊರಿನ ಬೇಟೆಗಾರರ ಸಂಘದವರಿಗೆ ಜಿಂಕೆ, ನರಿ ನೋಡಿಕೊಳ್ಳುವುದೇ ಆಗಿಹೋಗಿತ್ತು, ಅವರಿಗೂ ವಯಸ್ಸಾಗಿತ್ತು. ಭಾವ ಹೋಗಿ ಏರ್ ರೈಫಲ್ಲಿನ ಪರವಾನಗಿಗೆ ಅರ್ಜಿ ಹಾಕಿದರು.

ಜಪಾನಿನಲ್ಲಿ ಬಂದೂಕಿನ ಪರವಾನಗಿ ಪಡೆಯುವುದಕ್ಕಿಂತ ಹೆಣ್ಣು ಕೇಳುವುದು ಸುಲಭ. ತರಗತಿ, ಪರೀಕ್ಷೆ, ವೈದ್ಯರ ಪತ್ರ, ಗುರಿ ಹೊಡೆದು ತೋರಿಸುವುದು, ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ. ಒಬ್ಬ ಪೊಲೀಸಿನವ ಮನೆಗೇ ಬಂದು, ಗಂಡ ಜಗಳಗಂಟನೇ ಎಂದು ಅಕ್ಕನನ್ನು ವಿಚಾರಿಸಿದ.

"ದಿನಾ ಜಗಳ ಆಡ್ತಾರೆ," ಎಂದಳು ಅಕ್ಕ ತನ್ನ ಚೆಂದದ ಜಪಾನಿ ಭಾಷೆಯಲ್ಲಿ. "ಆದರೆ ಗೆಲ್ಲುವುದು ಯಾವಾಗಲೂ ನಾನೇ."

ಪೊಲೀಸಿನವ ಗಂಭೀರವಾಗಿ ಬರೆದುಕೊಂಡು ಹೋದ. ಪರವಾನಗಿ ಬಂತು. ಅಕ್ಕನಿಗೆ ಖುಷಿಯೇನೂ ಆಗಲಿಲ್ಲ.

"ಕಾಗೆ ಹೊಡೀತೀರಾ? ಸರಿ. ಪಿತೃಪಕ್ಷದಲ್ಲಿ ಯಾವ ಮುಖ ಇಟ್ಕೊಂಡು ಅವನ್ನ ಕರೀತೀರಾ? ನಿಮ್ಮಪ್ಪನೇ ಆಗಿದ್ರೆ?"

"ನಮ್ಮಪ್ಪ ಕಾಗೆಯಾಗಿ ಬಂದ್ರೂ ಹಸು ಹತ್ರ ಸುಳಿಯಲ್ಲ ಕೋಕಿಲಾ," ಎಂದರು ಭಾವ. "ಮೀನಿನ ಹತ್ರಾನೇ ಇರ್ತಾರೆ. ನಂಗೊತ್ತಿಲ್ವಾ?"

ಮಾತು ಜೋರಾಗಿತ್ತು. ಕೆಲಸವೂ ಜೋರಾಗಿಯೇ ನಡೆಯಿತು. ಕಿತ್ತಳೆ ಬಣ್ಣದ ಜಾಕೆಟ್ಟು, ಅದೇ ಬಣ್ಣದ ಟೋಪಿ ತೊಟ್ಟು ಕೊಟ್ಟಿಗೆಯ ಹಿಂದೆ ತಾಸುಗಟ್ಟಲೆ ಅಲುಗಾಡದೆ ಕೂರುತ್ತಿದ್ದರು. ಗಾಳ ಹಾಕಿ ಕೂತವರಿಗೆ ಅದೇನೂ ಹೊಸದಲ್ಲ. ಒಂದು ಗುಂಡು, ಒಂದು ಕಾಗೆ. ಉಳಿದವು ಬುದ್ಧಿ ಕಲಿತು ದೂರ ಉಳಿದವು. ಪ್ಲಾಸ್ಟಿಕ್ ಸುತ್ತಿಟ್ಟ ಮೇವಿನ ಸುರುಳಿಗಳು ತೂತಾಗುವುದು ನಿಂತಿತು, ಹಸುಗಳು ಬಯಲಿನಲ್ಲಿ ನೆಮ್ಮದಿಯಾಗಿ ಮಲಗಿದವು. ಸುಗಾವಾರಾ-ಸಾನ್ ಪ್ರತಿದಿನ ಬೆಳಿಗ್ಗೆ ಮನೆ ಬಾಗಿಲಿಗೆ ಹಾಲು ತಂದಿಡತೊಡಗಿದರು.

ಆ ವರ್ಷದ ಅಮಾವಾಸ್ಯೆಗೆ ಭಾವ ತಾವೇ ಹಿಡಿದ ಅಮೆಮಾಸು ಹುರಿದು ಎಡೆಗಿಟ್ಟರು. ಬಾಳೆ ಎಲೆ ಎಲ್ಲಿಂದ ಬರಬೇಕು? ಅಲ್ಲಿ ಹಳ್ಳದ ಪಕ್ಕ ಫುಕಿ ಎಂಬ ಗಿಡ ಬೆಳೆಯುತ್ತದೆ, ಎಲೆ ಕೊಡೆಯಷ್ಟು ಅಗಲ. ಅದರ ಮೇಲೆ ಎಲ್ಲವನ್ನೂ ಬಡಿಸಿ, ಹಿತ್ತಲ ಶೆಡ್ಡಿನ ತಗ್ಗು ಚಾವಣಿಯ ಮೇಲಿಟ್ಟು, "ಕಾ, ಕಾ" ಎಂದು ಕರೆದರು. ದೂರದ ಕರೆಂಟು ತಂತಿಯ ಮೇಲೆ ಕಾಗೆಗಳ ಸಾಲೇ ಇತ್ತು. ಭಾವನ ದನಿ ಕೇಳಿದ್ದೇ ತಡ, ತಂತಿ ಖಾಲಿ.

ನಾವು ಹಸಿದುಕೊಂಡು ಸಂಜೆಯವರೆಗೆ ಕಾದೆವು. ಕಾಗೆ ಬರದಿದ್ದರೆ ಎಡೆಯನ್ನು ಹಸುವಿಗೆ ಕೊಡುವುದುಂಟು, ಹಸುಗಳಿಗೆ ಆ ಊರಿನಲ್ಲಿ ಕೊರತೆಯೂ ಇಲ್ಲ. ಆದರೆ ಹುರಿದ ಮೀನನ್ನು ಹಸುವಿನ ಮುಂದಿಟ್ಟರೆ ಅದು ಏನೆಂದುಕೊಂಡೀತು? ಕೊನೆಗೆ ನರಿಯೊಂದು ಬಂದು ಮೀನು ಕಚ್ಚಿಕೊಂಡು ಓಡಿತು. ನಾನು ನಕ್ಕೆ. ಭಾವ ನಗಲಿಲ್ಲ.

ಮರುವರ್ಷ ಅವರು ವೇಷ ಬದಲಿಸಿದರು. ಬಿಳಿ ಪಂಚೆ, ಮೇಲೊಂದು ಶಲ್ಯ, ಹಣೆಗೆ ಕುಂಕುಮ. ಟ್ರಕ್ಕನ್ನು ಸುಗಾವಾರಾ-ಸಾನ್‌ರ ಶೆಡ್ಡಿನಲ್ಲಿ ಬಚ್ಚಿಟ್ಟರು. ಕಾಗೆಗಳೇನು ಬಟ್ಟೆ ನೋಡಿ ಮರುಳಾಗುವ ಜಾತಿಯೇ? ಮುಖ ಅದೇ, ನಡಿಗೆ ಅದೇ. ತಂತಿ ಮತ್ತೆ ಖಾಲಿಯಾಯಿತು. "ಬಂದರಿನ ಹತ್ರ ಹೋಗಿ ಇಟ್ಬಿಡಿ ಭಾವ, ಅಲ್ಲಿನ ಕಾಗೆಗಳಿಗೆ ನಿಮ್ಮ ಪರಿಚಯ ಇಲ್ಲ," ಎಂದೆ. ಅಕ್ಕ ಒಪ್ಪಲಿಲ್ಲ. "ಮಗನ ಮನೇಲಿ ಊಟ ಮಾಡ್ಲಿ ಅಂತ ಕರೆಯೋದು. ಕಂಡವರ ಬಂದರಲ್ಲಿ ಬಡಿಸ್ತೀಯೇನೋ?"

ಆ ರಾತ್ರಿ ಊಟಕ್ಕೆ ಕೂತಾಗ ಭಾವ ಒಂದೇ ಮಾತಾಡಿದರು. "ಈಗ ಕೈಗೆ ಮೀನು ಸಿಕ್ತಿದೆ. ಅಪ್ಪ ಸಿಕ್ತಿಲ್ಲ."

ಹೋದ ವರ್ಷ ಸೆಪ್ಟೆಂಬರಿನಲ್ಲಿ ಸಮುದ್ರದ ದಡದಿಂದ ಗಾಳ ಬೀಸಿ ಭಾವ ಸಾಲ್ಮನ್ ಹಿಡಿದರು. ಹಿಡಿದರು ಎಂದು ಸುಮ್ಮನೆ ಹೇಳಿದರೆ ಅನ್ಯಾಯವಾದೀತು. ಎಷ್ಟೋ ಮುಂಜಾವು ಖಾಲಿ ಕೈಯಲ್ಲಿ ಮರಳಿದ ಮೇಲೆ ಒಂದು ದಿನ ದಾರ ಜಗ್ಗಿತು, ರೀಲು ಕಿರುಚಿತು, ಭಾವ ತೊಡೆಯುದ್ದ ನೀರಿನಲ್ಲಿ ಹಿಂದೆ ಮುಂದೆ ತೂರಾಡಿದರು. ಪಕ್ಕದ ಮೀನುಗಾರರು ತಮ್ಮ ಗಾಳಗಳನ್ನು ಎಳೆದುಕೊಂಡು ಜಾಗ ಬಿಟ್ಟರು. ಕೊನೆಗೆ ಅವರು ಬೆನ್ನು ತಿರುಗಿಸಿ ದಾರವನ್ನು ಹೆಗಲ ಮೇಲೆ ಹಾಕಿಕೊಂಡು ದಡಕ್ಕೆ ನಡೆದೇ ಬಂದರಂತೆ, ಹಿಂದೆ ಮೀನು. ಫೋಟೋದಲ್ಲಿ ಅದನ್ನು ಮಗುವಿನಂತೆ ಎತ್ತಿಕೊಂಡಿದ್ದಾರೆ.

ಆ ಮೀನನ್ನು ಅಪ್ಪನಿಗೇ ಎಂದು ತೆಗೆದಿಟ್ಟರು. ಪಿತೃಪಕ್ಷ ಪೂರ್ತಿ ಬಂದೂಕು ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಪೆಟ್ಟಿಗೆಗೆ ಬೀಗ ಹಾಕಿದರು. ಸುಗಾವಾರಾ-ಸಾನ್‌ಗೆ ವಿಷಯ ಹೇಳಿದಾಗ ಅವರು ತಲೆ ಬಾಗಿಸಿ, "ನಿಮ್ಮ ತಂದೆಯವರಿಗಾಗಿ ಅಲ್ಲವೇ, ಖಂಡಿತ," ಎಂದರು. ಕಾಗೆಗಳಿಗೂ ಸುದ್ದಿ ಮುಟ್ಟಿತೆಂದು ಕಾಣುತ್ತದೆ. ದಿನದಿಂದ ದಿನಕ್ಕೆ ಕೊಟ್ಟಿಗೆಯ ಸುತ್ತ ಹತ್ತಿರವಾದವು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಕ್ಕ ಹುಣಸೆಹಣ್ಣು ಹಾಕಿ ಮಂಡ್ಯದ ರುಚಿಗೆ ಸಾಲ್ಮನ್ ಸಾರು ಮಾಡಿದ್ದಳು. ಒಂದು ದೊಡ್ಡ ತುಂಡನ್ನು ಹುರಿದು ಎಲೆಯ ನಡುವೆ ಇಟ್ಟಳು. ಎಡೆಯನ್ನು ಶೆಡ್ಡಿನ ಚಾವಣಿಯ ಮೇಲಿಟ್ಟು, ಧೂಪ ಹಾಕಿ, ಭಾವ ಪಂಚೆ ಬಿಗಿದುಕೊಂಡು ಕಾಯುತ್ತ ನಿಂತರು. ತಂತಿಯ ಮೇಲೆ ಒಂದು ಕಾಗೆಯೂ ಇರಲಿಲ್ಲ. ಎಲ್ಲ ಕೊಟ್ಟಿಗೆಯ ಕಡೆ ಅರಚುತ್ತಿದ್ದವು.

ಆಗ ಫೋನು ಬಂತು. ಸುಗಾವಾರಾ-ಸಾನ್.

"ಸುಮಿಮಾಸೆನ್, ಮೋಹನ್-ಸಾನ್. ಇವತ್ತು ಕೇಳಬಾರದು. ಕ್ಷಮಿಸಿ." ಏದುಸಿರಿನಲ್ಲಿ ಮಾತು ತುಂಡಾಗುತ್ತಿತ್ತು. ಕಡಸೊಂದು ಬಯಲಿನಲ್ಲೇ ಕರು ಹಾಕುತ್ತಿತ್ತು. ಕರು ಅರ್ಧ ಬಂದು ಸಿಕ್ಕಿಕೊಂಡಿತ್ತು. ಅವರು ಫೋನನ್ನು ಹೆಗಲಿಗೆ ಒತ್ತಿಕೊಂಡು ಎರಡೂ ಕೈಯಿಂದ ಅದನ್ನು ಎಳೆಯುತ್ತಿದ್ದರು. ಸುತ್ತ ಕಾಗೆಗಳು ಇಳಿಯುತ್ತಿದ್ದವು. ಹೊರಗೆ ಬಂದ ಕರುವಿನ ಕಣ್ಣಿಗೇ ಅವು ಮೊದಲು ಬಾಯಿ ಹಾಕುತ್ತವೆ.

ಭಾವ ಫೋನು ಕೆಳಗಿಟ್ಟು ಎಡೆಯನ್ನು ನೋಡಿದರು, ಬೀಗ ಹಾಕಿದ ಪೆಟ್ಟಿಗೆಯನ್ನು ನೋಡಿದರು.

"ಹೋಗ್ರೀ," ಎಂದಳು ಅಕ್ಕ. "ಕರು ಕಣ್ಣು ಕಳಕೊಂಡ ಮೇಲೆ ಇಟ್ಟ ಎಡೆ ನಿಮ್ಮಪ್ಪನಿಗೆ ರುಚಿಸುತ್ತಾ?"

ಪಂಚೆಯ ಮೇಲೆಯೇ ಕಿತ್ತಳೆ ಜಾಕೆಟ್ಟು ತೊಟ್ಟು, ಟೋಪಿ ಹಾಕಿಕೊಂಡು, ಪೆಟ್ಟಿಗೆಯಿಂದ ಬಂದೂಕು ತೆಗೆದು ಭಾವ ಟ್ರಕ್ಕು ಹತ್ತಿದರು. ನಗು ಬರುವಂಥ ವೇಷ. ನನಗೆ ಅಳು ಬಂತು.

ಅಲ್ಲಿ ಆದದ್ದನ್ನು ಆಮೇಲೆ ಸುಗಾವಾರಾ-ಸಾನ್ ಹೇಳಿದರು. ಒಂದು ಕಾಗೆ ಆಗಲೇ ಕರುವಿನ ಮೂಗಿನಿಂದ ಒಂದು ಮಾರು ದೂರದ ಬೇಲಿಗೂಟದ ಮೇಲೆ ಕೂತು ಕತ್ತು ಚಾಚಿತ್ತು. ಭಾವ ಬಗ್ಗಿ, ಉಸಿರು ಹಿಡಿದು, ಒಂದೇ ಗುಂಡು ಹೊಡೆದರು. ಕಾಗೆ ಉರುಳಿತು. ಉಳಿದವು ದಿಗಿಲುಬಿದ್ದು ಒಟ್ಟಿಗೆ ಎದ್ದವು. ಆಮೇಲೆ ಭಾವ ಬಂದೂಕನ್ನು ಖಾಲಿ ಮಾಡಿ ಟ್ರಕ್ಕಿನಲ್ಲಿಟ್ಟು ಬೀಗ ಹಾಕಿ, ತೋಳೇರಿಸಿ ಕರುವಿನ ಕಾಲು ಹಿಡಿದರು.

ಎದ್ದ ಕಾಗೆಗಳು ಎಲ್ಲಿಗೆ ಹೋದವು ಎಂಬುದನ್ನು ನಾನೇ ಕಣ್ಣಾರೆ ಕಂಡೆ. ನಮ್ಮ ಮನೆಗೆ ಬಂದವು. ತಂತಿಯ ಮೇಲೆ, ಬೇಲಿಯ ಮೇಲೆ, ಶೆಡ್ಡಿನ ನೆತ್ತಿಯ ಮೇಲೆ ಕಪ್ಪಗೆ ತುಂಬಿಕೊಂಡವು. ಅವುಗಳ ಲೆಕ್ಕ ಸರಳ. ಆ ಮನುಷ್ಯ ಅಲ್ಲಿದ್ದಾನೆ, ಅಂದಮೇಲೆ ಇಲ್ಲಿಲ್ಲ. ಊರಿನಲ್ಲಿ ಆಗ ಅವುಗಳಿಗೆ ಎಲ್ಲಕ್ಕಿಂತ ಕ್ಷೇಮದ ಜಾಗ ಭಾವನ ಹಿತ್ತಲೇ.

ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ದಪ್ಪ ಕೊಕ್ಕಿನ ಒಂದು ಕಾಗೆ ಕೆಳಗಿಳಿಯಿತು. ಅಡ್ಡಡ್ಡ ಹೆಜ್ಜೆ ಹಾಕುತ್ತ ಎಲೆಯ ಅಂಚಿಗೆ ಬಂತು. ಅನ್ನ ದಾಟಿತು, ವಡೆ ದಾಟಿತು, ಕಜ್ಜಾಯವನ್ನು ತಿರುಗಿಯೂ ನೋಡಲಿಲ್ಲ. ಸಾಲ್ಮನ್ ತುಂಡಿಗೆ ಕೊಕ್ಕು ಹಾಕಿತು. ಆಮೇಲೆ ಉಳಿದವೂ ಇಳಿದವು.

ಭಾವ ಬಂದಾಗ ಬಿಸಿಲು ಏರಿತ್ತು. ಪಂಚೆಯ ತುಂಬ ರಕ್ತ, ಲೋಳೆ. ಕರು ಬದುಕಿದೆ, ಎರಡು ಕಣ್ಣೂ ನೆಟ್ಟಗಿವೆ ಎಂದರು. ಬಂದೂಕನ್ನು ಪೆಟ್ಟಿಗೆಗೆ ಸೇರಿಸಿ ಬಂದು, ಮುಖ ಎತ್ತದೆ ಹೇಳಿದರು, "ಎಡೆ ತೆಗೆದ್ಬಿಡು ಕೋಕಿಲಾ. ಇವತ್ತಿನ ದಿನವೇ ಒಂದನ್ನ ಹೊಡೆದೆ. ಇನ್ನು ಯಾವ ಕಾಗೆ ಬರುತ್ತೆ."

ಅಕ್ಕ ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲೆ ತೋರಿಸಿದಳು. ನಡುವೆ ಮೀನಿನ ಮುಳ್ಳು ಮಾತ್ರ ಉಳಿದಿತ್ತು.

"ನರೀನಾ?" ಎಂದರು ಭಾವ.

"ಕಾಗೆ," ಎಂದೆ. "ಕಣ್ಣಾರೆ ನೋಡಿದ್ದೀನಿ ಭಾವ."

"ಮೊದ್ಲು ಏನು ಮುಟ್ತು?"

"ಮೀನು ಕಣ್ರೀ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮಪ್ಪ ಹಸು ಹತ್ರ ಇರಲಿಲ್ಲ. ಇಲ್ಲೇ ಇದ್ರು."

ಭಾವ ಮೆಟ್ಟಿಲ ಮೇಲೆ ಕುಸಿದು ಕೂತು, ಗಟ್ಟಿಯಾಗಿ ಅತ್ತರು. ಅಳುತ್ತಲೇ ಎದ್ದು ನಿಂತು, ತಂತಿಯ ಕಡೆ ಮುಖ ಮಾಡಿ, ಮಂಡ್ಯದ ನಾಲೆಯ ಆಚೆ ದಡಕ್ಕೂ ಕೇಳಿಸುವಂತೆ ಕೂಗಿದರು.

"ಉಂಡ್ಯೇನಪ್ಪೋ? ನನ್ ಗಾಳಕ್ಕೆ ಮೀನು ಬೀಳಕಿಲ್ಲ ಅಂತಿದ್ಯಲ್ಲಾ, ಈಗ ಅನ್ನು!"

ಕಿತ್ತಳೆ ಜಾಕೆಟ್ಟು ಇನ್ನೂ ಅವರ ಮೈಮೇಲಿತ್ತು. ಕಾಗೆಗಳೆಲ್ಲ ಒಂದೇ ಸಲ ಹಾರಿಹೋದವು. ಹೊಟ್ಟೆ ತುಂಬಿತ್ತು, ಹೋಗಲಿ. ಭಾವ ಕೈಕಾಲು ತೊಳೆದುಕೊಂಡು ಬಂದು, ನಮ್ಮಿಬ್ಬರಿಗೂ ತಾವೇ ಮೀನು ಸಾರು ಬಡಿಸಿದರು.