ಪೇಪರಿನಲ್ಲಿ ನಕ್ಕ ಖಾಲಾ

ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸನ್ನು ನಾವು ಬೀದಿಯವರೆಲ್ಲ, ಉರ್ದುವಿನಲ್ಲಿ ಚಿಕ್ಕಮ್ಮ ಎನ್ನುವಂತೆ, ಖಾಲಾ ಎಂದೇ ಕರೆಯುತ್ತಿದ್ದೆವು. ಎಲ್ಲೇ ಕ್ಯಾಮೆರಾ ಕಂಡರೂ ಅವರು "ತಡಿಯಪ್ಪಾ, ರೆಡಿಯಾಗಿ ಬರ್ತೀನಿ" ಎಂದು ಒಳಗೋಡುತ್ತಿದ್ದರು. ಪೌಡರ್ ಹಾಕಿ, ಸೆರಗು ಸರಿಮಾಡಿಕೊಂಡು ಬಂದು, ಗಲ್ಲ ಎತ್ತಿ ನಗುತ್ತಾ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಹದಿನೈದು ದಿನ ನಮ್ಮ ನಲ್ಲಿಗಳಲ್ಲಿ ನೀರು ಬರಲಿಲ್ಲ. ಪೇಪರಿನ ಫೋಟೋಗ್ರಾಫರ್ ಬಂದಾಗ ನಾವೆಲ್ಲ ಖಾಲಿ ಕೊಡ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ನಿಂತೆವು. ಖಾಲಾ ಮಾತ್ರ ಹಬ್ಬದ ಜರಿ ಸೀರೆಯುಟ್ಟು, ಮಲ್ಲಿಗೆ ಮುಡಿದು ಬಂದರು.

"ಸ್ವಲ್ಪ ಬೇಜಾರಾಗಿ ನಿಂತ್ಕೊಳಿ ಅಮ್ಮ" ಎಂದ ಆತ.

"ಫೋಟೋಗೆ ಯಾರಾದ್ರೂ ಬೇಜಾರಾಗಿ ನಿಂತ್ಕೋತಾರೇನಪ್ಪಾ?" ಎಂದರು ಖಾಲಾ.

ಮರುದಿನ "ಕುಡಿಯುವ ನೀರಿಗೆ ಹಾಹಾಕಾರ" ಎಂಬ ಹೆಡ್ಡಿಂಗಿನ ಕೆಳಗೆ ಖಾಲಾ ಹಲ್ಲು ಬಿಟ್ಟು ನಗುತ್ತಿದ್ದರು. ನಮಗೆಲ್ಲ ಸಿಟ್ಟು ಬಂತು. ಇನ್ನು ನಮ್ಮ ಗೋಳನ್ನು ನಂಬುವವರು ಯಾರು?

ನಾವು ಹೆದರಿದಂತೆಯೇ ಆಯಿತು. ನೀರಿನ ಇಲಾಖೆಯ ಸಾಹೇಬರು ಪೇಪರ್ ಹಿಡಿದೇ ಬಂದರು. "ಏನಮ್ಮಾ, ಇಷ್ಟು ಖುಷಿಯಾಗಿದೀರಿ, ನೀರಿಲ್ಲ ಅಂತೀರಾ?"

ಖಾಲಾ ಕುರ್ಚಿ ಹಾಕಿ ಕೂರಿಸಿದರು. "ಬಿಸಿಲಲ್ಲಿ ಬಂದಿದೀರಿ, ಕುಡೀರಿ ಸಾರ್" ಎಂದು, ಅದೇ ನಗುಮುಖದಲ್ಲಿ ಖಾಲಿ ಲೋಟವನ್ನು ಅವರ ಕೈಗಿತ್ತರು.

ಸಂಜೆಯೇ ನೀರು ಬಂತು. ಕೊಡ ತುಂಬಿಸಿಟ್ಟು ಅವರ ಮನೆಗೆ ಹೋದೆ. ಖಾಲಾ ಪೇಪರಿನಿಂದ ಹೆಡ್ಡಿಂಗನ್ನು ಕತ್ತರಿಸಿ ಎಸೆದು, ಫೋಟೋವನ್ನು ಮಾತ್ರ ಆಲ್ಬಮ್ಮಿನಲ್ಲಿ ಮಗಳ ಮದುವೆ ಫೋಟೋದ ಪಕ್ಕ ಅಂಟಿಸುತ್ತಿದ್ದರು.

"ಕಲರಲ್ಲಿ ಹಾಕಿದ್ರೆ ಸೀರೆ ಇನ್ನೂ ಚೆನ್ನಾಗಿ ಕಾಣೋದು ಕಣೇ" ಎಂದರು.